ಕಟ್ಟು ಒದ್ದೆಯಾಗಕೂಡದು

ಗೋದಾ,

ಔಷಧದಂಗಡಿಗೆ ಹೋಗಿರುತ್ತೇನೆ. ಬಚ್ಚಲುಮನೆಗೆ ಬೀಗ ಹಾಕಿದ್ದೇನೆ. ಸಿಟ್ಟು ಬಂದರೆ ಬರಲಿ.

ನಂಜು ರಕ್ತಕ್ಕೇರಿದಾಗ ನಿನ್ನ ಜೀವ ಉಳಿದದ್ದೇ ಹೆಚ್ಚು. ರಕ್ತ ಹರಿಯದೆ ಎಡಸ್ತನದ ಮಾಂಸ ಸತ್ತು ಕಪ್ಪಾಯಿತು. ಸತ್ತದ್ದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಉಳಿಸಲು ವೈದ್ಯರು ಹೆಣಗುತ್ತಿದ್ದಾರೆ. ಗಾಯಕ್ಕೆ ನೀರು ಸೋಕಿ ಮತ್ತೆ ನಂಜಾದರೆ ಸ್ತನವನ್ನೇ ತೆಗೆಯಬೇಕಾದೀತೆಂದು ಅವರು ಹೇಳಿದ್ದನ್ನು ನೀನೂ ಕೇಳಿಸಿಕೊಂಡಿದ್ದೀಯೆ. ಆದರೂ ನಿನ್ನೆ ಮಡಿಯೆಂದು ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ!

"ಸ್ನಾನ ಮಾಡ್ದೆ ಪೆರುಮಾಳ್‌ಗೆ ದೀಪ ಹಚ್ಚೋಕಾಗತ್ತೇನಮ್ಮಾ?" ಎಂದು ನೀನು ನರ್ಸ್ ಚೈತನ್ಯಾಳನ್ನು ಕೇಳಿದ್ದು ನಡುಮನೆಗೆ ಕೇಳಿಸಿತು. "ಅಜ್ಜಿ, ಒದ್ದೆ ಡ್ರೆಸಿಂಗ್ ಬಿಚ್ಚೋಕೆ ಪೆರುಮಾಳ್ ಬರ್ತಾರಾ?" ಎಂದ ಅವಳ ಮಾತೇ ನನಗೆ ಸರಿಯೆನಿಸಿತು. ವೈದ್ಯರು ಕೂಡಿಸಿದ್ದನ್ನೆಲ್ಲ ನೀನು ಕಳೆಯುತ್ತಿದ್ದೀಯೆ.

ದೀಪ ನಾನೇ ಹಚ್ಚಿದ್ದೇನೆ. ನೈವೇದ್ಯದ ಪೊಂಗಲ್ ತಳ ಹಿಡಿದಿದೆ. ದೇವರು ದೂರಲಿಲ್ಲ, ನೀನೂ ದೂರದೆ ತಿನ್ನು.

ಚೈತನ್ಯಾ ಬಂದಾಗ, ಗಂಡನಾದ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಬೇಡ. ಮುಂದಿನ ವಾರದಿಂದ ಅವಳು ಬರುವುದಿಲ್ಲ. ಅಷ್ಟರೊಳಗೆ ನಾನು ಅವಳಿಂದ ಡ್ರೆಸಿಂಗ್ ಕಲಿಯಬೇಕು. ಗಾಯ ನೋಡಿದರೆ ನನಗೆ ಅಸಹ್ಯವಾಗುತ್ತದೆಂದು ನಿನಗೆ ಯಾರು ಹೇಳಿದರು?