ನಾಲ್ಕು ಪುಟಗಳಿಗೆ ಹೊಡೆದ ಪಿನ್ನು

ಬುಗುರಿ,

ಇಪ್ಪತ್ತೆಂಟು ವರ್ಷಗಳ ಮೇಲೆ ನಿನ್ನನ್ನು ಈ ಹೆಸರಿನಿಂದ ಕರೆಯುತ್ತಿದ್ದೇನೆ. ಒಂದು ಕಡೆ ಕೂರಲಾರದ ನಿನಗೆ ಈ ಅಡ್ಡಹೆಸರು ಇಟ್ಟವಳು ನಾನೇ. ಮೊನ್ನೆ ನೀನು ಕೆಲಸಕ್ಕಿರುವ ಶಾಲೆಯ ಸಭಾಂಗಣದಲ್ಲಿ ನೀನು ಟ್ರೇ ಹಿಡಿದು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆಯಂತೆ. ನಾನು ನೋಡಲೇ ಇಲ್ಲ. ಚಹಾ ತರುವವರ ಮುಖವನ್ನು ಭಾಷಣಕ್ಕೆ ಬಂದವರು ಎಲ್ಲಿ ನೋಡುತ್ತಾರೆ?

ಆ ಸ್ಟೇಪ್ಲರ್ ನಿನಗೆ ನೆನಪಿರಲೇಬೇಕು. ಹತ್ತನೇ ತರಗತಿಗೆ ಹೊಸ ಪುಸ್ತಕ ಬಂದ ದಿನ ವಿಜ್ಞಾನದ ಟೀಚರ್ ಅದನ್ನು ನನ್ನ ಕೈಗೆ ಕೊಟ್ಟರು. ಸಂತಾನೋತ್ಪತ್ತಿಯ ಪಾಠದ ನಾಲ್ಕು ಪುಟಗಳನ್ನು ಸೇರಿಸಿ ಪಿನ್ ಹೊಡೆಯಬೇಕು. "ಲೀಡರ್, ಒಂದು ಪುಸ್ತಕಕ್ಕೆ ಮೂರು ಪಿನ್. ಯಾರೂ ಬಿಚ್ಚಬಾರದು, ನೋಡ್ಕೋ." ಟೀಚರ್ ಪಕ್ಕದಲ್ಲೇ ನಿಂತಿದ್ದರು, ನಾನು ಒಂದು ಸಾಲೂ ಓದಲಿಲ್ಲ. ಆದರೆ ಅವುಗಳಲ್ಲಿ ಏನಿದೆಯೆಂದು ನನಗೆ ಮಾತ್ರ ಗೊತ್ತು ಎಂದು ಇಡೀ ತರಗತಿ ನಂಬಿತು. ಆ ಗತ್ತು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ನಲ್ಲಿಯ ಹತ್ತಿರ ಹುಡುಗಿಯರು ಮುತ್ತಿಕೊಂಡಾಗ ಬಾಯಿಗೆ ಬಂದದ್ದನ್ನೆಲ್ಲ ಬಿಟ್ಟೆ.

ಎಲ್ಲರೂ ಹೋದ ಮೇಲೆ ನೀನು ಬಂದೆ. "ಒಂದು ಸಲಕ್ಕೆಲ್ಲ ಏನೂ ಆಗಲ್ಲ ಅಲ್ವೇನೇ?"

"ಏನೂ ಆಗಲ್ಲ ಕಣೇ, ಪುಸ್ತಕದಲ್ಲೇ ಇದೆ" ಎಂದೆ. ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ಐದು ತಿಂಗಳಿಗೆ ನಿನ್ನ ಅಪ್ಪ ಹೆಡ್‌ಮಾಸ್ಟರ್ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು, ಪಕ್ಕದಲ್ಲಿ ನೀನು. ಹಾಜರಿ ಪುಸ್ತಕ ಕೊಡಲು ಹೋದ ನಾನೂ ಅಲ್ಲಿದ್ದೆ. "ಏನೂ ಆಗಲ್ಲ ಅಂತ ಯಾರೇ ಹೇಳಿದ್ದು ನಿನಗೆ?" ಎಂದು ಟೀಚರ್ ಗದರಿದರು. ನೀನು ನನ್ನನ್ನು ನೋಡಿದೆ. ಆಮೇಲೆ "ಯಾರೂ ಇಲ್ಲ ಮಿಸ್" ಎಂದೆ. ಹಾಜರಿಯಲ್ಲಿ ನಿನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೂ ನಾನೇ. ಅದು ಲೀಡರ್ ಕೆಲಸವಾಗಿತ್ತು.

ಈಗ ಅದೇ ಪಾಠ ನನ್ನ ಹೊಟ್ಟೆಪಾಡು. ಶಾಲೆಯಿಂದ ಶಾಲೆಗೆ ಹೋಗಿ ದೇಹ, ಪ್ರೀತಿ, ಒಪ್ಪಿಗೆ ಎಲ್ಲವನ್ನೂ ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಚೆನ್ನಾಗಿಯೇ ಹೇಳುತ್ತೇನೆ, ಅದರಲ್ಲಿ ಸಂಕೋಚವೇನಿಲ್ಲ. ಕೊನೆಯ ಹತ್ತು ನಿಮಿಷ ನಿನ್ನ ಕಥೆ. ಸುಳ್ಳು ಹೇಳಿದ ಗೆಳತಿ ಅದರಲ್ಲಿ ಬರುವುದಿಲ್ಲ. ಮೊದಮೊದಲು ಕಥೆಯಲ್ಲಿ ನೀನು ಬದುಕಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಒಂದು ದಿನ ಹೆರಿಗೆಯಲ್ಲಿ ನಿನ್ನನ್ನು ಸಾಯಿಸಿದೆ. ಹಿಂದಿನ ಬೆಂಚಿನ ಪುಂಡರೂ ಕಣ್ಣೊರೆಸಿಕೊಂಡರು. ಅಲ್ಲಿಂದೀಚೆಗೆ ಅರವತ್ತು ಶಾಲೆಗಳಲ್ಲಿ ನಿನ್ನನ್ನು ಕೊಂದಿದ್ದೇನೆ.

ಮೊನ್ನೆಯೂ ಕೊಂದೆ. ಚಪ್ಪಾಳೆ ನಿಂತ ಮೇಲೆ ಮೇಜಿನ ಮೇಲೆ ಒಂದು ಲೋಟ ಬಂತು. "ಸತ್ತವಳ ಕೈಯ ಚಹಾ ಕುಡೀತೀಯಾ, ಲೀಡರ್?" ತಲೆ ಎತ್ತಿದೆ. ನಿನ್ನ ಕಣ್ಣು ಒದ್ದೆಯಾಗಿತ್ತು. "ಮುಕ್ಕಾಲು ಗಂಟೆ ನಿಂತು ಕೇಳಿದೆ ಕಣೇ. ನನ್ನ ಕಥೆಗೆ ನಾನೇ ಅತ್ತುಬಿಟ್ಟೆ. ನನ್ನ ಮಗಳಿಗೀಗ ಇಪ್ಪತ್ತೇಳು. ನಿನ್ನ ಕಥೇಲಿ ಅವಳಾದ್ರೂ ಉಳಿದಳಾ?"

"ಉಳಿದಳು" ಎಂದೆ. ಅದೂ ಸುಳ್ಳು, ಬುಗುರಿ. ಅವಳನ್ನೂ ನಿನ್ನ ಜೊತೆಗೇ ಕಳಿಸಿದ್ದೇನೆ. ಹೊರಗೆ ಕಾರು ಕಾಯುತ್ತಿದೆ ಎಂದು ಹೇಳಿ ಎದ್ದು, ಬಸ್ ನಿಲ್ದಾಣದವರೆಗೆ ನಡೆದುಕೊಂಡು ಹೋದೆ.

ಬರುವ ಬುಧವಾರ ಇನ್ನೊಂದು ತರಗತಿಗೆ ಅದೇ ಸಭಾಂಗಣದಲ್ಲಿ ಪಾಠವಿದೆ. ನಿಜ ಹೇಳಿಬಿಡೋಣ ಎಂದು ಕನ್ನಡಿಯ ಮುಂದೆ ನಿಂತು ನೋಡಿದೆ. "ಆ ಗೆಳತಿ ನಾನೇ" ಎನ್ನುವಲ್ಲಿಗೆ ಬಂದು ದೀಪ ಆರಿಸಿಬಿಟ್ಟೆ. ಹಾಗಾಗಿ ನಿನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ಅವತ್ತು ನೀನು ಬರಬೇಡ. ಚಹಾದವಳು ಒಳಗೆ ನಿಂತರೆ ಮಕ್ಕಳ ಗಮನ ಕೆಡುತ್ತದೆಂದು ನಿಮ್ಮ ಹೆಡ್‌ಮಿಸ್ ಕಿವಿಗೂ ಹಾಕಿದ್ದೇನೆ. ಇದರಿಂದ ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂದು ಕೇಳಬೇಡ. ಗೊತ್ತಿಲ್ಲ.

ನೀನೂ ನಿನ್ನ ಮಗಳೂ ನೂರು ಕಾಲ ಬಾಳಿ, ಆ ಸಭಾಂಗಣದ ಹೊರಗೆ.

ಇಂತಿ, ನೀನು ಹೆಸರು ಹೇಳದೆ ಉಳಿಸಿದ
ಲೀಡರ್