ಕಾಶವ್ವತ್ತೆ ಕೊಟ್ಟ ಬಳೆ

ಇಳಕಲ್ಲು, ಶ್ರಾವಣದ ಎರಡನೆಯ ಸೋಮವಾರ, 2214

ಇನ್ನೂರು ವರ್ಷ ಹಿಂದಿರುವ ನಿಮಗೆ ಸಾವಂತ್ರಿಯ ಶರಣು.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮನ್ನು ಹಿರಿಯರೆನ್ನಬೇಕೋ, ಇನ್ನೂ ಎಳೆಯ ಕಾಲದವರೆನ್ನಬೇಕೋ, ಅದೇ ನನಗೆ ತಿಳಿಯುತ್ತಿಲ್ಲ. ನಾನು ನಾಡಿಬಳೆಗಳ ವಿನ್ಯಾಸ ಮಾಡುವವಳು. ನಾಡಿಬಳೆಯೆಂದರೆ ತೊಟ್ಟವರ ಎದೆಬಡಿತವನ್ನು ಆರೋಗ್ಯ ಕಟ್ಟೆಗೆ, ಅಂದರೆ ನಿಮ್ಮ ಆಸ್ಪತ್ರೆಯಂಥ ಜಾಗಕ್ಕೆ, ತಿಳಿಸುತ್ತಿರುವ ಬಳೆ.

ಎದೆಬಡಿತ ಅಳೆಯಲು ಮಣಿಕಟ್ಟಿಗೆ ಕಟ್ಟುತ್ತಿದ್ದ ನಿಮ್ಮ ಕಾಲದ ಪಟ್ಟಿಗಳನ್ನು ನೋಡಿದ್ದೇನೆ. ಬೆವರಿಗೆ ನವೆಯಾಗುವ, ಮಾತುಮಾತಿಗೆ ಕಿರ್ರೆನ್ನುವ, ಚಾರ್ಜಿಗೆಂದು ಬಿಚ್ಚಿಡಬೇಕಾದ ಅವನ್ನು ಜನ ಬೇಗನೆ ಕಪಾಟಿಗೆ ಸೇರಿಸುತ್ತಿದ್ದರಂತೆ. ಅದಕ್ಕೇ ನಾನು ದೀಪ, ಸದ್ದು, ಗುಂಡಿ ಎಲ್ಲವನ್ನೂ ತೆಗೆದು ಹಸಿರು ಗಾಜಿನ ಬಳೆಯನ್ನೇ ಮಾಡಿದೆ. ಅದು ಮೈಬಿಸಿಯಿಂದಲೇ ನಡೆಯುತ್ತದೆ, ರೊಟ್ಟಿ ಬಡಿಯುವಾಗ ತೊಡಕಾಗುವುದಿಲ್ಲ, ಏರುಪೇರಾದರೆ ಮಣಿಕಟ್ಟಿಗೆ ತುಸು ಬೆಚ್ಚಗೆ ತಾಗುತ್ತದೆ. ಹೆಂಗಸರು ಅದನ್ನು ಬಳೆಯೆಂದೇ ತೊಟ್ಟರು. ನಾನು ಹಿಗ್ಗಿ ಹೀರೇಕಾಯಾದೆ.

ಬಳೆಯೆಂದೇ ತೊಟ್ಟದ್ದೇ ಎಡವಟ್ಟಾಯಿತು. ಬಸುರಿಗೆ ಬಳೆ ತೊಡಿಸಿ ಹರಸುವ ಕುಬಸದ ಶಾಸ್ತ್ರ ನಿಮಗೂ ಗೊತ್ತಿರಬೇಕು. ನನ್ನ ತಂಗಿ ದಾಕ್ಷಾಯಣಿಯ ಕುಬಸದಲ್ಲಿ ಸೋದರತ್ತೆ ಕಾಶವ್ವ ತನ್ನ ಕೈಬಳೆಗಳಲ್ಲಿ ಎಲ್ಲಕ್ಕಿಂತ ಚಂದದ್ದನ್ನು ತೆಗೆದು ಅವಳಿಗೆ ತೊಡಿಸಿದಳು. ಅದು ಅತ್ತೆಯ ಹೃದಯದ ಕಾಯಿಲೆಗೆಂದು ಕೊಟ್ಟಿದ್ದ ನಾಡಿಬಳೆ. ಅಂದಿನಿಂದ ತಂಗಿಯ ಗಟ್ಟಿ ಎದೆಬಡಿತ ಅತ್ತೆಯ ಹೆಸರಿನಲ್ಲಿ ಹೋಯಿತು. ಹೃದಯ ಸುಧಾರಿಸಿದೆಯೆಂದು ಕಟ್ಟೆಯವರು ಅತ್ತೆಯ ಔಷಧಿ ಇಳಿಸಿದರು. ಒಂದು ತಿಂಗಳಾಗುವ ಮೊದಲೇ ಅತ್ತೆ ಒಲೆಯ ಮುಂದೆ ಕುಸಿದುಬಿದ್ದಳು. ಜೀವ ಉಳಿಯಿತು, ಆದರೆ ಹಾಸಿಗೆ ಹಿಡಿದಿದ್ದಾಳೆ.

ಇನ್ನೊಬ್ಬರ ಕೈಗೆ ಹೋಗದಂತೆ ಸಣ್ಣ ಬೀಗವಿಟ್ಟು ಹೊಸ ಬಳೆ ಮಾಡಿಕೊಂಡು ಹೋದೆ. ಅತ್ತೆ ಕೈ ಹಿಂದಕ್ಕೆಳೆದುಕೊಂಡಳು.

"ತಗದು ಕೊಡಾಕ ಬರದಿದ್ರ ಅದು ಬಳಿ ಹ್ಯಾಂಗಾಗತೈತಿ, ಸಾವಂತ್ರಿ? ಬೇಡಿ ಅದು. ನಾ ಒಲ್ಲೆ."

ಬೀಗವಿದ್ದರೆ ತೊಡುವುದಿಲ್ಲ. ಇಲ್ಲದಿದ್ದರೆ ನಾಳೆ ಮತ್ಯಾರಿಗೋ ಕೊಟ್ಟುಬಿಡುತ್ತಾಳೆ. ಕೊಡಬೇಡವೆಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ, ಹೇಳದಿರಲು ಭಯ. ತಲೆ ಕೆಟ್ಟುಹೋಗಿದೆ.

ಈಗ ಅವಳ ಪಕ್ಕ ಕುಳಿತು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಿದ್ದೇನೆ. ಬಡಿಯುತ್ತದೆ, ತಡೆಯುತ್ತದೆ, ಮತ್ತೆ ಬಡಿಯುತ್ತದೆ. ಇಷ್ಟು ಸಾಕೋ, ಯಾರನ್ನಾದರೂ ಕೂಗಬೇಕೋ ಗೊತ್ತಾಗುತ್ತಿಲ್ಲ. ಬೆರಳಿನಿಂದ ನಾಡಿ ನೋಡುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ನಿಮ್ಮಲ್ಲಿ ಬಲ್ಲವರಿದ್ದರಂತೆ. ಅದನ್ನು ಹೇಗೆ ನೋಡುವುದೆಂದು ದಯವಿಟ್ಟು ಎಲ್ಲಾದರೂ ಬರೆದಿಡಿ. ನೀವು ಬರೆದಿಟ್ಟಿದ್ದರೆ ಇಷ್ಟರಲ್ಲಿ ನನಗೆ ಸಿಗಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಹುಡುಕುತ್ತೇನೆ. ಅಷ್ಟರೊಳಗೆ ಬರೆದಿಡಿ.