ಗಾಜಿನಾಚೆಯ ಗಿರಣಿ ಮಾತು

ಕಾರವಾರದ ಸಮುದ್ರಗೋಡೆಯ ಮೇಲಿನಿಂದ,
ಸಿಹಿನೀರು ಬಂದ ನೂರಾ ಹನ್ನೊಂದನೆಯ ವರ್ಷ, ಎರಡನೆಯ ಶ್ರಾವಣ.

ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ದುಂಡವ್ವ ಆಯಿಗೆ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು ನೀಲವ್ವ ಕಾಲಿಗೆ ಬಿದ್ದು ಬರೆಯುವುದು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಇನ್ನೂ ಕಾಣದ ಕಾಲದಿಂದ ಬರೆಯುತ್ತಿದ್ದೇನೆ. ಇವತ್ತು ನನ್ನ ಮಗಳು ತಂಗೆವ್ವ ಸಾವಿನ ಬಾಯಿಂದ ಹೊರಗೆ ಬಂದಿದ್ದಾಳೆ. ಅದಕ್ಕೆ ನೀವೇ ಕಾರಣ.

ನಾವು ದುಡಿಯುವುದು ಸಿಹಿಗಿರಣಿಯಲ್ಲಿ. ಸಮುದ್ರದ ನೀರಿನ ಉಪ್ಪು ತೆಗೆದು, ಘಟ್ಟ ಹತ್ತಿಸಿ, ನಿಮ್ಮ ಹುಬ್ಬಳ್ಳಿಯವರೆಗೂ ಕಳಿಸುವ ಕಾರ್ಖಾನೆ ಇದು. ಜೋಳವನ್ನು ಈಗ ಗೋಡೆಗಳ ಮೇಲೆ ಬೆಳೆಯುತ್ತಾರೆ, ಆದರೆ ರೊಟ್ಟಿ ಬಡಿಯುವುದು ಕೈಯಿಂದಲೇ. ಎಲ್ಲರ ಕಿವಿಯಲ್ಲೂ ಕಿವಿಮಣಿ ಇರುತ್ತದೆ. ಮೆಣಸಿನ ಕಾಳಿನಷ್ಟು ಚಿಕ್ಕ ಯಂತ್ರ ಅದು. ಗಂಟಲಲ್ಲೇ ಗೊಣಗಿದರೂ ದೂರದವರಿಗೆ ಮುಟ್ಟುತ್ತದೆ. ಹಾಳಾದ್ದು, ಅತ್ತೆಯನ್ನು ಒಳಗೊಳಗೇ ಬೈದುಕೊಳ್ಳುವ ಸುಖವೂ ಹೋಯಿತು!

ಇಂಥ ಕಾಲದಲ್ಲೂ ನಮ್ಮ ಮನೆಯಲ್ಲಿ ಗಿರಣಿ ಮಾತು ಉಳಿದಿದೆ, ಆಯಿ. ಸಾಂಚೆ ಯಂತ್ರಗಳ ಅಬ್ಬರದಲ್ಲಿ ಕೂಗಿದರೂ ಕೇಳಿಸದು ಎಂದು ನೀವೂ ನಿಮ್ಮ ಗೆಳತಿಯರೂ ತುಟಿ ಅಗಲಿಸಿ, ಸದ್ದಿಲ್ಲದೆ ಆಡುತ್ತಿದ್ದಿರಲ್ಲ, ಅದೇ. ನಮ್ಮ ವಂಶಕ್ಕೆ ಸದ್ದಿಲ್ಲದ ಕೆಲಸ ಯಾವತ್ತೂ ಸಿಗಲಿಲ್ಲ. ನಿಮ್ಮ ಮಗಳು ಕಸ್ತೂರಿ ಅಕ್ಕಿ ಗಿರಣಿಗೆ ಹೋದಳು. ಅವಳ ಮಕ್ಕಳು ಗ್ರಾನೈಟ್ ಕೊರೆದರು. ಅವರ ಮಕ್ಕಳು ಈ ಸಮುದ್ರಗೋಡೆಗೆ ಕಲ್ಲು ಹಾಸಿದರು. ಎಲ್ಲರೂ ಎದುರುಬದುರು ನಿಂತು ತುಟಿಯಲ್ಲೇ ಸಂಸಾರ ಮಾಡಿದರು. ಈ ಮಾತಿಗೆ ನೀವು ಹಾಕಿದ ಕಟ್ಟಳೆಯನ್ನೂ ಯಾರೂ ಮುರಿಯಲಿಲ್ಲ: ಎಡ ಅಂದರೆ ಹೇಳುವವಳ ಎಡ ಅಲ್ಲ, ನೋಡುವವಳ ಎಡ.

ಇವತ್ತು ಮುಂಜಾನೆ ತಂಗೆವ್ವ ಜಾಲಕೋಣೆಗೆ ಇಳಿದಳು. ನೀರು ಸೋಸುವ ಬಲೆಗಳನ್ನು ತೊಳೆಯುವ ಗಾಜಿನ ಕೋಣೆ ಅದು. ಅವಳು ಕೆಲಸಕ್ಕೆ ಹೊಸಬಳು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು, ಕಿವಿಮಣಿಗಳು ಸತ್ತವು, ಬಾಗಿಲು ಬಿಗಿದುಕೊಂಡಿತು, ಒಳಗೆ ಸಮುದ್ರ ನುಗ್ಗತೊಡಗಿತು. ಹೊರಗೆ ನಮ್ಮ ಮೇಲ್ವಿಚಾರಕ ಮುಕಾದಮ ಗಾಜು ಬಡಿದು ಬಡಿದು ಚೀರಿದ. ಮೊಳ ದಪ್ಪದ ಗಾಜು, ಒಳಗೆ ಏನು ಕೇಳಿಸೀತು? ನೆಲದಲ್ಲಿ ಎರಡು ಹಲಗೆಗಳಿವೆ. ಅವಳ ಎಡಗಡೆಯ ಹಲಗೆಯ ಕೆಳಗಿನ ಹಿಡಿಕೆ ಬಾಗಿಲು ತೆರೆಯುತ್ತದೆ, ಬಲಗಡೆಯದು ಇನ್ನಷ್ಟು ಸಮುದ್ರವನ್ನು ಒಳಗೆ ಬಿಡುತ್ತದೆ. ಅದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನೀರು ಅವಳ ಎದೆಮಟ್ಟ ಏರಿತ್ತು.

ಮುಕಾದಮನನ್ನು ತಳ್ಳಿ ಗಾಜಿಗೆ ಮುಖ ಹಚ್ಚಿದೆ. "ಯವ್ವಾ, ನನ್ನ ಬಾಯಿ ನೋಡ. ಎಡಕ್ಕ ಹಲಗಿ ಐತಿ. ಮುಳುಗಿ ಎತ್ತ. ಹಿಡಿಕಿ ಜಗ್ಗ," ಎಂದು ತುಟಿಯಲ್ಲೇ ಹೇಳಿದೆ. ಯಾರ ಎಡ ಎಂದು ಅವಳು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ತನ್ನ ಎಡಕ್ಕೇ ಮುಳುಗಿದಳು. ಹಿಡಿಕೆ ಜಗ್ಗಿದಳು, ಬಾಗಿಲು ತೆರೆದುಕೊಂಡಿತು, ನೀರಿನ ಜೊತೆಗೇ ನನ್ನ ಕೂಸು ಹೊರಗೆ ಬಂದು ಬಿತ್ತು. ಕೆಮ್ಮು ನಿಂತದ್ದೇ ತಡ, ನನ್ನ ಮೇಲೇ ರೇಗಿದಳು: "ಸಾವಕಾಶ ಮಾತಾಡಾಕ ಬರೂದಿಲ್ಲೇನ ಬೇ? ತುಟಿ ಒಂದೇ ಸವನ ನಡಗಾಕತ್ತಿದ್ವು!" ನಾನು ಆ ನೀರಿನಲ್ಲೇ ಕುಸಿದು ಕುಳಿತು ಅಳುತ್ತ ನಕ್ಕೆ. ಈಗ ಒಳಗೆ ಗೊರಕೆ ಹೊಡೆಯುತ್ತ ಮಲಗಿದ್ದಾಳೆ. ಇಂಥ ಇಂಪಾದ ಗೊರಕೆಯನ್ನು ನಾನು ಕೇಳಿಯೇ ಇಲ್ಲ.

ಮನಸ್ಸು ಹಗುರಾದ ಮೇಲೆ ಒಂದು ಹೆದರಿಕೆ ಹುಟ್ಟಿತು, ಆಯಿ. ಅದಕ್ಕೇ ಈ ಪತ್ರ. ಗಂಡಿನ ಕಡೆಯವರು ಕಸ್ತೂರಿಯನ್ನು ನೋಡಲು ಬಂದ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವಳು ಚಹಾದ ತಟ್ಟೆ ಹಿಡಿದು ನಿಂತು, ನಿಮ್ಮ ಕಡೆ ತಿರುಗಿ, "ಯವ್ವಾ, ಗಂಡಿನ ಕಿವಿ ಮೊರದಗಲ ಅದಾವಲ್ಲ," ಎಂದು ತುಟಿ ಆಡಿಸಿದಳಂತೆ. ಮೂಲೆಯಲ್ಲಿದ್ದ ಗಂಡಿನ ಅಜ್ಜಿಯೂ ಹಿಂದೊಮ್ಮೆ ಗಿರಣಿಯಲ್ಲಿ ದುಡಿದವಳು! "ಅವು ನನ್ನ ಕಿವಿ, ತಂಗಿ," ಎಂದು ಆ ಮುದುಕಿ ತುಟಿಯಲ್ಲೇ ಉತ್ತರ ಕೊಟ್ಟು ಎದ್ದು ಹೋದಳಂತೆ. ಅವತ್ತು ಕಸ್ತೂರಿ ಅತ್ತು, "ನಿನ್ನ ಗಿರಣಿ ಮಾತು ಗಿರಣಿಯಾಗ ಇಟಗೊ," ಎಂದು ನಿಮ್ಮ ಕಡೆ ನೋಡುವುದನ್ನೇ ಬಿಟ್ಟಳಂತೆ. ನೀವೂ ತುಟಿ ಬಿಗಿದಿರಂತೆ. ಮತ್ತೆ ಹೇಗೆ ಶುರು ಮಾಡಿದಿರೋ, ನಮಗ್ಯಾರಿಗೂ ಗೊತ್ತಿಲ್ಲ.

ಈ ಪತ್ರ ಮುಟ್ಟುವಾಗ ನೀವು ಅದೇ ಮೌನದಲ್ಲಿರುತ್ತೀರಿ. ಹಾಗೇ ಉಳಿದುಬಿಟ್ಟರೆ ಈ ಮಾತು ನನ್ನ ತಂಗೆವ್ವನವರೆಗೆ ಬರುವುದೇ ಇಲ್ಲ. ಆ ಸಂಬಂಧದ ಚಿಂತೆ ಬಿಡಿ, ಆಗಿಯೇ ಆಗುತ್ತದೆ. ನನ್ನ ಕಿವಿ ನೋಡಿದ್ದರೆ ನಿಮಗೇ ತಿಳಿಯುತ್ತಿತ್ತು. ನನ್ನ ಬೇಡಿಕೆ ಒಂದೇ. ಕಸ್ತೂರಿ ಮುಖ ತಿರುಗಿಸಿ ಕುಳಿತಿದ್ದರೆ ಎದ್ದು ಹೋಗಿ ಅವಳೆದುರಿಗೆ ಕೂತುಕೊಳ್ಳಿ. ಅವಳು ತಲೆ ಎತ್ತುವವರೆಗೆ ಕಾಯಿರಿ. ಆಮೇಲೆ ಸದ್ದು ಮಾಡದೆ, ಉಂಡಿಯೇನವ್ವಾ ಎಂದು ಕೇಳಿರಿ.